ವಿಟಮಿನ್ ಯಾವಾಗ ಜೀವ ಉಳಿಸುತ್ತದೆ?

ಐಸಿಯು ಹೊರಗೆ ಕಾಯುವ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಎಲ್ಲ ಊರಿನಲ್ಲೂ ಕೇಳಬಹುದು: “ಡಾಕ್ಟ್ರೇ, ಶಕ್ತಿಗೆ ಏನಾದ್ರೂ ವಿಟಮಿನ್ ಇಂಜೆಕ್ಷನ್ ಹಾಕಬಹುದಲ್ವಾ?” ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆದ ಎಷ್ಟೋ ಜನರ ಕೈಗೆ ಬಂದ ಕಿಟ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ವಿಟಮಿನ್ ಸಿ ಮತ್ತು ಜಿಂಕ್ ಮಾತ್ರೆಗಳೂ ಇದ್ದವು. ಸಣ್ಣ ಕಾಯಿಲೆಗೆ ಒಳ್ಳೆಯದಾದದ್ದು ದೊಡ್ಡ ಕಾಯಿಲೆಗೆ ಇನ್ನೂ ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸೀತು.

ನರ್ಸಿಂಗ್ ಅಥವಾ ಫಾರ್ಮಸಿ ಓದಲು ಈಗಷ್ಟೇ ಸೇರಿದವರಿಗೂ, ಮನೆಯ ಕಾಯಿಲೆಯ ನಡುವೆ ಈ ವಿಷಯಕ್ಕೆ ಬಂದು ನಿಂತವರಿಗೂ ನಾನು ಮೊದಲು ಹೇಳುವುದು ಇಷ್ಟು. ವೈರಸ್ ಸೋಂಕಿನಿಂದ ಸಾವಿನಂಚಿಗೆ ಹೋದ ರೋಗಿಯನ್ನು ವಿಟಮಿನ್ ಉಳಿಸಿದ್ದುಂಟು. ಅದು ದಡಾರದಲ್ಲಿ ವಿಟಮಿನ್ ಎ. ಉಳಿಸೀತು ಎಂದು ಬಹಳ ನಂಬಿ, ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿ, ಇಲ್ಲ ಎಂಬ ಉತ್ತರ ಪಡೆದದ್ದೂ ಉಂಟು. ಅದು ಕೋವಿಡ್‌ನಲ್ಲಿ ವಿಟಮಿನ್ ಸಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಅರ್ಥವಾಗುತ್ತದೆ. ಒಂದನ್ನಷ್ಟೇ ನೋಡಿದವರು ವಿಟಮಿನ್ನನ್ನು ಸಂಜೀವಿನಿ ಎನ್ನುತ್ತಾರೆ, ಇಲ್ಲವೇ ಬರೀ ಮೋಸ ಎನ್ನುತ್ತಾರೆ. ಎರಡೂ ಸರಿಯಲ್ಲ.

ಮೊದಲು ದಡಾರ. ಈಗಿನ ತಲೆಮಾರಿನ ಅನೇಕ ತಾಯಂದಿರು ಅದನ್ನು ಕಂಡೇ ಇಲ್ಲ, ಲಸಿಕೆಯ ದಯೆಯಿಂದ. ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಮೈತುಂಬ ಕೆಂಪು ಗುಳ್ಳೆ. ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಗುಳ್ಳೆಗಳಲ್ಲ, ಅವುಗಳ ಹಿಂದೆ ಬರುವ ನ್ಯುಮೋನಿಯಾ, ಭೇದಿ. ಬದುಕಿದ ಮಕ್ಕಳಲ್ಲೂ ಕೆಲವರ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಹುಣ್ಣಾಗಿ ದೃಷ್ಟಿ ಹೋಗುತ್ತದೆ. ಶ್ವಾಸಕೋಶ, ಕರುಳು, ಕಣ್ಣು ಈ ಮೂರೂ ಕಡೆ ಹಾಳಾಗುವುದು ಒಳಗಿನ ತೆಳು ಹೊದಿಕೆ. ಆ ಹೊದಿಕೆ ಒದ್ದೆಯಾಗಿ, ಗಟ್ಟಿಯಾಗಿ, ಸದಾ ಹೊಸದಾಗಿ ಬೆಳೆಯುತ್ತಿರಲು ಬೇಕಾದ ವಸ್ತುವೇ ವಿಟಮಿನ್ ಎ. ರೋಗದ ವಿರುದ್ಧ ಹೋರಾಡುವ ರಕ್ತಕಣಗಳು ಬಲಿತು ತಯಾರಾಗುವುದಕ್ಕೂ ಅದೇ ಬೇಕು.

ಈ ವಿಟಮಿನ್ ಕೊಬ್ಬಿನಲ್ಲಿ ಕರಗುವಂಥದು. ಚೆನ್ನಾಗಿ ಉಂಡ ಮಗುವಿನ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸಾಲುವಷ್ಟು ದಾಸ್ತಾನು ಇರುತ್ತದೆ. ಹಾಲು, ಮೊಟ್ಟೆ, ಸೊಪ್ಪು, ಹಣ್ಣು ಕಾಣದ ಮಗುವಿನಲ್ಲಿ ದಾಸ್ತಾನು ತಳ ಕಂಡಿರುತ್ತದೆ. ಆದರೂ ಮಗು ಹೊರನೋಟಕ್ಕೆ ಸರಿಯಾಗಿಯೇ ಕಾಣಬಹುದು. ದಡಾರ ಬಂದಾಗ ದೇಹ ವಿಟಮಿನ್ ಎಯನ್ನು ವೇಗವಾಗಿ ಬಳಸುತ್ತದೆ, ಜ್ವರದಲ್ಲಿ ಮೂತ್ರದ ಮೂಲಕವೂ ಕಳೆದುಕೊಳ್ಳುತ್ತದೆ. ಉಳಿದಿದ್ದ ಸ್ವಲ್ಪವೂ ಕೆಲವೇ ದಿನದಲ್ಲಿ ಖಾಲಿ. ಹೊದಿಕೆಗೆ ದುರಸ್ತಿ ತೀರಾ ಬೇಕಾದ ಹೊತ್ತಿನಲ್ಲೇ ದುರಸ್ತಿಯ ಸಾಮಗ್ರಿ ಇರುವುದಿಲ್ಲ.

ಇದನ್ನು ಮೊದಲು ಪರೀಕ್ಷೆಗೆ ಇಟ್ಟವರು ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್. ದಡಾರದಿಂದ ಆಸ್ಪತ್ರೆ ಸೇರಿದ 600 ಮಕ್ಕಳಲ್ಲಿ 300 ಮಕ್ಕಳಿಗೆ ವಿಟಮಿನ್ ಎ ಹೇರಳವಾಗಿರುವ ಮೀನೆಣ್ಣೆಯ ಸಾರ ಕೊಟ್ಟರು, ಉಳಿದ 300 ಮಕ್ಕಳಿಗೆ ಕೊಡಲಿಲ್ಲ. ಕೊಟ್ಟವರಲ್ಲಿ 11 ಮಕ್ಕಳು ತೀರಿಕೊಂಡರು, ಕೊಡದವರಲ್ಲಿ 26. ಈ ವರದಿ 1932ರಲ್ಲಿ ಬಂತು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ವೈದ್ಯಲೋಕ ಅದನ್ನು ಮರೆತಂತೆಯೇ ಇತ್ತು. ಓದುವಾಗ ನನಗೆ ಈಗಲೂ ಸಂಕಟವಾಗುವ ಮಾತು ಇದು. ಶ್ರೀಮಂತ ದೇಶಗಳ ಮಕ್ಕಳಿಗೆ ಊಟ ಸುಧಾರಿಸಿತು, ಆಂಟಿಬಯಾಟಿಕ್ ಬಂದವು, ಲಸಿಕೆ ಬಂತು. ಬಡ ದೇಶಗಳ ಮಕ್ಕಳು ಸಾಯುತ್ತಲೇ ಇದ್ದರು.

ಮರೆತದ್ದನ್ನು ಮತ್ತೆ ಮೇಲಕ್ಕೆ ತಂದವರು ಕಣ್ಣಿನ ವೈದ್ಯ ಆಲ್ಫ್ರೆಡ್ ಸೋಮರ್ ಮತ್ತು ಅವರ ಜೊತೆಗಾರರು. ಇಂಡೋನೇಷ್ಯಾದಲ್ಲಿ ಇರುಳುಗುರುಡಿನ ಬಗ್ಗೆ ಅಧ್ಯಯನ ಮಾಡುತ್ತಿದ್ದ ಸೋಮರ್‌ಗೆ, ವಿಟಮಿನ್ ಎ ಕೊರತೆಯ ಸಣ್ಣ ಲಕ್ಷಣ ಇದ್ದ ಮಕ್ಕಳು ಉಳಿದ ಮಕ್ಕಳಿಗಿಂತ ಹೆಚ್ಚು ಸಾಯುತ್ತಿರುವುದು ಕಂಡಿತು. ಟಾಂಜಾನಿಯಾದ ಆಸ್ಪತ್ರೆಯೊಂದರಲ್ಲಿ ದಡಾರದ 180 ಮಕ್ಕಳ ಮೇಲೆ ನಡೆದ ಪ್ರಯೋಗ 1987ರಲ್ಲಿ ಪ್ರಕಟವಾಯಿತು. ವಿಟಮಿನ್ ಎ ಪಡೆದ 88 ಮಕ್ಕಳಲ್ಲಿ 6 ಸಾವು, ಪಡೆಯದ 92 ಮಕ್ಕಳಲ್ಲಿ 12. ಎರಡು ವರ್ಷದೊಳಗಿನ ಕೂಸುಗಳಲ್ಲಿ ಅಂತರ ಇನ್ನೂ ಎದ್ದು ಕಾಣುತ್ತಿತ್ತು.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಕೇಪ್‌ಟೌನಿನ ಹಸ್ಸಿ ಮತ್ತು ಕ್ಲೈನ್ 1990ರಲ್ಲಿ ಪ್ರಕಟಿಸಿದ ಪ್ರಯೋಗ. ದಡಾರ ಬಿಗಡಾಯಿಸಿ ಆಸ್ಪತ್ರೆಗೆ ಬಂದ 189 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 92 ಮಕ್ಕಳಿಗೆ ವಿಟಮಿನ್ ಎ ಹನಿ, 97 ಮಕ್ಕಳಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹನಿ. ಯಾರಿಗೆ ಯಾವುದು ಎಂದು ಉಪಚರಿಸುವವರಿಗೂ ತಿಳಿದಿರಲಿಲ್ಲ. ವಿಟಮಿನ್ ಪಡೆದವರಲ್ಲಿ ಇಬ್ಬರು ತೀರಿಕೊಂಡರು, ಪಡೆಯದವರಲ್ಲಿ ಹತ್ತು ಮಂದಿ. ನ್ಯುಮೋನಿಯಾ ಇಳಿಯಲು ಪಡೆದವರಿಗೆ ಸರಾಸರಿ 6.3 ದಿನ ಹಿಡಿದರೆ ಪಡೆಯದವರಿಗೆ 12.4 ದಿನ. ಇಲ್ಲಿ ಒಂದು ವಿವರ ಗಮನಿಸಿ: ಆ ಊರಿನಲ್ಲಿ ಕಣ್ಣಿಗೆ ಕಾಣುವಂಥ ವಿಟಮಿನ್ ಎ ಕೊರತೆ ಅಪರೂಪ. ಆದರೂ ರಕ್ತ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಮಟ್ಟ ಕುಸಿದಿತ್ತು.

ಇದರಿಂದ ಬಂದ ಪಾಠ ಈಗ ಜಗತ್ತಿನ ನಿಯಮ. ದಡಾರ ಬಂದ ಮಗುವಿಗೆ ಎರಡು ದಿನ, ದಿನಕ್ಕೊಂದು ಬಾರಿ, ವಯಸ್ಸಿಗೆ ತಕ್ಕಂತೆ ವಿಟಮಿನ್ ಎ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ತಿಂಗಳೊಳಗಿನ ಕೂಸಿಗೆ 50 ಸಾವಿರ ಯೂನಿಟ್, ಆರರಿಂದ ಹನ್ನೊಂದು ತಿಂಗಳವರಿಗೆ 1 ಲಕ್ಷ, ವರ್ಷ ದಾಟಿದವರಿಗೆ 2 ಲಕ್ಷ. ಕಣ್ಣಿನಲ್ಲಿ ಕೊರತೆಯ ಲಕ್ಷಣ ಕಂಡರೆ ಕೆಲವು ವಾರಗಳ ನಂತರ ಮೂರನೆಯ ಡೋಸ್. ಅಲ್ಲಿಗೆ ನಿಲ್ಲಬೇಕು. ನಿಲ್ಲುವುದು ಏಕೆ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಭಾರತಕ್ಕೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಸಿ. ಗೋಪಾಲನ್ ಅವರ ಕಾಲದಲ್ಲಿ ನಡೆದ ಕೆಲಸದಿಂದಲೇ, ಆರು ತಿಂಗಳಿಗೊಮ್ಮೆ ದೊಡ್ಡ ಡೋಸ್ ಕೊಟ್ಟರೆ ಯಕೃತ್ತು ಅದನ್ನು ಕೂಡಿಟ್ಟುಕೊಳ್ಳುತ್ತದೆ ಎಂಬ ಉಪಾಯಕ್ಕೆ ಬಲ ಬಂತು. 1970ರಲ್ಲಿ ಅದು ಮಕ್ಕಳ ಕುರುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಇಂದು ಅಂಗನವಾಡಿಯಲ್ಲಿ ಚಮಚದಲ್ಲಿ ಕುಡಿಸುವ ಆ ಹಳದಿ ದ್ರವದ ಮೊದಲ ಡೋಸ್ ಒಂಬತ್ತು ತಿಂಗಳಿಗೆ, ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ. ಆ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆರೋಗ್ಯವಂತ ಮಕ್ಕಳಿಗೆ ಮುಂಚಿತವಾಗಿ ಕೊಡುವುದರ ಫಲ ಎಲ್ಲೆಡೆ ಒಂದೇ ರೀತಿ ಕಾಣಲಿಲ್ಲ. ತಮಿಳುನಾಡಿನಲ್ಲಿ ವಾರಕ್ಕೊಮ್ಮೆ ಸಣ್ಣ ಡೋಸ್ ಕೊಟ್ಟ ಪ್ರಯೋಗದಲ್ಲಿ ಮಕ್ಕಳ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಅದು ಪ್ರಕಟವಾದದ್ದು 1990ರಲ್ಲಿ. ಉತ್ತರಪ್ರದೇಶದಲ್ಲಿ ಸುಮಾರು 10 ಲಕ್ಷ ಮಕ್ಕಳನ್ನು ಒಳಗೊಂಡ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಜ್ಞರ ವಾದ ಇನ್ನೂ ನಡೆದಿದೆ. ಆದರೆ ದಡಾರ ಬಂದು ಮಲಗಿದ ಮಗುವಿಗೆ ಕೊಡಬೇಕೇ ಬೇಡವೇ ಎಂಬ ವಾದ ಇದಲ್ಲ. ಅಲ್ಲಿ ಕೊಡಲೇಬೇಕು.

ಈಗ ವಿಟಮಿನ್ ಸಿ. ಇದು ನೀರಿನಲ್ಲಿ ಕರಗುವುದು, ಹೆಚ್ಚಾದದ್ದನ್ನು ದೇಹ ಮೂತ್ರದಲ್ಲಿ ಹೊರಹಾಕುತ್ತದೆ. ಗಂಭೀರ ಸೋಂಕಿನ ರೋಗಿಯ ರಕ್ತದಲ್ಲಿ ಇದರ ಮಟ್ಟ ನಿಜಕ್ಕೂ ಬಹಳ ಇಳಿಯುತ್ತದೆ. ದೇಹದೊಳಗಿನ ಉರಿಯೂತದಲ್ಲಿ ಹುಟ್ಟುವ ಹಾನಿಕರ ಕಣಗಳನ್ನು ಅದು ತಟಸ್ಥಗೊಳಿಸುತ್ತದೆ, ರಕ್ತನಾಳದ ಗೋಡೆಯನ್ನು ಕಾಯುತ್ತದೆ, ರಕ್ತದೊತ್ತಡ ಹಿಡಿದಿಡುವ ಹಾರ್ಮೋನುಗಳ ತಯಾರಿಗೂ ಬೇಕು. ಮಟ್ಟ ಇಳಿದಿದೆ, ಕೆಲಸ ಬಹಳ ಇದೆ, ಹಾಗಾದರೆ ಸುರಿಯೋಣ. ಪುಸ್ತಕದಲ್ಲಿ ಓದಿದಾಗ ಇದಕ್ಕಿಂತ ಒಪ್ಪುವ ವಾದ ಇನ್ನೊಂದಿಲ್ಲ. ಬಾಯಿಂದ ಎಷ್ಟೇ ನುಂಗಿದರೂ ಕರುಳು ಒಂದು ಮಿತಿಗಿಂತ ಹೆಚ್ಚು ಹೀರುವುದಿಲ್ಲವಾದ್ದರಿಂದ ಡ್ರಿಪ್ಪಿನಲ್ಲೇ ಕೊಡಬೇಕೆಂದೂ ಹೇಳಿದರು.

2017ರಲ್ಲಿ ಅಮೆರಿಕದ ಐಸಿಯು ವೈದ್ಯ ಪಾಲ್ ಮಾರಿಕ್ ಮತ್ತು ಸಹೋದ್ಯೋಗಿಗಳು ಒಂದು ವರದಿ ಪ್ರಕಟಿಸಿದರು. ಸೆಪ್ಸಿಸ್, ಅಂದರೆ ಸೋಂಕಿನಿಂದ ದೇಹದ ಅಂಗಗಳೇ ಕೈಕೊಡುವ ಸ್ಥಿತಿ, ಇದ್ದ 47 ರೋಗಿಗಳಿಗೆ ವಿಟಮಿನ್ ಸಿ, ಥಯಾಮಿನ್ ಮತ್ತು ಸ್ಟೀರಾಯ್ಡ್ ಕೊಟ್ಟಿದ್ದರು. ಅವರಲ್ಲಿ ಸಾವು ಶೇ. 8.5. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಇದನ್ನು ಪಡೆಯದ 47 ರೋಗಿಗಳಲ್ಲಿ ಶೇ. 40.4. ಪತ್ರಿಕೆಗಳು ಬರೆದವು, ಜಗತ್ತಿನ ಎಷ್ಟೋ ಐಸಿಯುಗಳಲ್ಲಿ ಕೊಡಲು ಶುರುಮಾಡಿದರು.

ಹೊಸಬರೇ, ಇಲ್ಲಿ ಸ್ವಲ್ಪ ನಿಧಾನ. ಈ ಹೋಲಿಕೆಯಲ್ಲಿ ಚೀಟಿ ಎತ್ತಿಲ್ಲ. ಒಂದು ಕಾಲದ ರೋಗಿಗಳನ್ನು ಇನ್ನೊಂದು ಕಾಲದ ರೋಗಿಗಳ ಪಕ್ಕ ಇಟ್ಟಿದ್ದಾರೆ. ಆ ನಡುವೆ ಋತು ಬದಲಾಗಿರಬಹುದು, ಬರುವ ರೋಗಿಗಳು ಬದಲಾಗಿರಬಹುದು, ಹೊಸ ಚಿಕಿತ್ಸೆಯ ಉತ್ಸಾಹದಲ್ಲಿ ಉಪಚಾರವೇ ಚುರುಕಾಗಿರಬಹುದು. ಚೀಟಿ ಎತ್ತುವುದರ ಗುಣ ಏನೆಂದರೆ, ನಮಗೆ ಗೊತ್ತಿರುವ ವ್ಯತ್ಯಾಸಗಳು ಮಾತ್ರವಲ್ಲ, ಗೊತ್ತಿಲ್ಲದ ವ್ಯತ್ಯಾಸಗಳೂ ಎರಡು ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಕೊನೆಗೆ ಉಳಿಯುವ ವ್ಯತ್ಯಾಸ ಔಷಧದ್ದು ಎಂದು ಆಗ ಧೈರ್ಯವಾಗಿ ಹೇಳಬಹುದು.

ಚೀಟಿ ಎತ್ತಿ ಮಾಡಿದ ಪ್ರಯೋಗಗಳು ಒಂದಾದ ಮೇಲೊಂದು ಬಂದವು. 2019ರ ಅಮೆರಿಕದ ಪ್ರಯೋಗವೊಂದರಲ್ಲಿ 167 ರೋಗಿಗಳಿದ್ದರು. ಅಳೆಯಲು ಹೊರಟಿದ್ದ ಮುಖ್ಯ ವಿಷಯಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ಜೊತೆಗೆ ಅಳೆದಿದ್ದ 46 ವಿಷಯಗಳ ಪೈಕಿ ಸಾವು ಒಂದಾಗಿತ್ತು, ಅದು ವಿಟಮಿನ್ ಸಿ ಗುಂಪಿನಲ್ಲಿ ಶೇ. 29.8, ಇನ್ನೊಂದರಲ್ಲಿ ಶೇ. 46.3 ಇತ್ತು. ಹಲವರು ಈ ಒಂದು ಸಂಖ್ಯೆಯನ್ನೇ ಹಿಡಿದು ಕೂತರು. ನಲವತ್ತಾರು ವಿಷಯಗಳನ್ನು ಅಳೆದರೆ ಒಂದೆರಡು ಬರೀ ಆಕಸ್ಮಿಕವಾಗಿಯೇ ಚೆನ್ನಾಗಿ ಕಾಣುತ್ತವೆ. ಅಂಥ ಸಂಖ್ಯೆ ಮುಂದಿನ ಪ್ರಯೋಗಕ್ಕೆ ಪ್ರಶ್ನೆಯಾಗಬಹುದು, ಉತ್ತರವಾಗಲಾರದು. ಆ ಪ್ರಶ್ನೆಗೆ ಉತ್ತರ 2022ರಲ್ಲಿ ಬಂತು. ಕೆನಡಾದ ಸಂಶೋಧಕರ ಮುಂದಾಳ್ತನದ ‘ಲೋವಿಟ್’ ಪ್ರಯೋಗದಲ್ಲಿ ಸೆಪ್ಸಿಸ್‌ನ 872 ರೋಗಿಗಳಿದ್ದರು. ಆರು ಗಂಟೆಗೊಮ್ಮೆ, ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂ ವಿಟಮಿನ್ ಸಿ, ನಾಲ್ಕು ದಿನದವರೆಗೆ. 60 ಕಿಲೋದವರಿಗೆ ಲೆಕ್ಕ ಹಾಕಿ: ದಿನಕ್ಕೆ 12 ಗ್ರಾಂ. ನಮ್ಮ ದೇಶದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಅಂದರೆ ಇದು ಅದರ 150 ಪಟ್ಟು. 28ನೆಯ ದಿನಕ್ಕೆ ತೀರಿಕೊಂಡವರು ಅಥವಾ ಅಂಗಗಳು ಚೇತರಿಸದೇ ಉಳಿದವರು ವಿಟಮಿನ್ ಸಿ ಪಡೆದವರಲ್ಲಿ ಶೇ. 44.5, ಪಡೆಯದವರಲ್ಲಿ ಶೇ. 38.5. ಪ್ರಯೋಜನ ಇಲ್ಲ ಎನ್ನುವುದಷ್ಟೇ ಅಲ್ಲ, ಪಡೆದವರೇ ಹೆಚ್ಚು ಕಷ್ಟಪಟ್ಟರು.

ಸೆಪ್ಸಿಸ್‌ನಲ್ಲಿ ಬ್ಯಾಕ್ಟೀರಿಯಾ ಸೋಂಕಿನವರೇ ಹೆಚ್ಚು, ವೈರಸ್‌ನ ಮಾತು ಬೇರೆ ಇರಬಹುದಲ್ಲ ಎಂದು ನೀವು ಕೇಳಬಹುದು, ಕೇಳಬೇಕು. ಅದಕ್ಕೂ ಉತ್ತರ ಸಿಕ್ಕಿದೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲೇ ಇದೇ ಪ್ರಮಾಣದ ವಿಟಮಿನ್ ಸಿ ಪರೀಕ್ಷಿಸಿದ ಎರಡು ಪ್ರಯೋಗಗಳ ಫಲಿತಾಂಶವನ್ನು ಕೂಡಿಸಿ 2023ರಲ್ಲಿ ಪ್ರಕಟಿಸಿದರು. ಬಹಳ ಗಂಭೀರ ಸ್ಥಿತಿಯ 1,568 ಜನ, ಅಷ್ಟು ಗಂಭೀರವಲ್ಲದ 1,022 ಜನ. ಬದುಕಿ ಮನೆಗೆ ಹೋದವರು ಗಂಭೀರ ಗುಂಪಿನಲ್ಲಿ ವಿಟಮಿನ್ ಪಡೆದವರಲ್ಲಿ ಶೇ. 61.9, ಪಡೆಯದವರಲ್ಲಿ ಶೇ. 64.6. ಉಪಯೋಗ ಆಗುವ ಸಾಧ್ಯತೆ ತೀರಾ ಕಡಿಮೆ, ಕೆಡುಕಾಗುವ ಸಾಧ್ಯತೆ ಹೆಚ್ಚು ಎಂದು ನಡುವೆಯೇ ಕಂಡುಬಂದದ್ದರಿಂದ ಹೊಸ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಬೇಕಾಯಿತು.

ಇದೇ ಕೋವಿಡ್‌ನಲ್ಲಿ, ಇದೇ ಚೀಟಿ ಎತ್ತುವ ಕ್ರಮದಿಂದ, ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುವುದನ್ನು ತೋರಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು. ಹಳೆಯ, ಅಗ್ಗದ ಔಷಧಕ್ಕೆ ಈ ವಿಜ್ಞಾನ ಬೆಲೆ ಕೊಡುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಿ.

ವಿಟಮಿನ್ ಡಿ ಕಥೆ ವಿಟಮಿನ್ ಎ ಮತ್ತು ಸಿ ಈ ಎರಡರ ನಡುವೆ ಇದೆ, ಇನ್ನೂ ಮುಗಿದಿಲ್ಲ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ 492 ಐಸಿಯು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಮ್ಮೆಗೇ 5 ಲಕ್ಷ 40 ಸಾವಿರ ಯೂನಿಟ್ ಕೊಟ್ಟು ನೋಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ತೀವ್ರ ಕೊರತೆ ಇದ್ದವರನ್ನಷ್ಟೇ ನೋಡಿದಾಗ ಆಸ್ಪತ್ರೆಯಲ್ಲಿ ಸಾವು ಶೇ. 46.1ರ ಬದಲು ಶೇ. 28.6 ಇತ್ತು. ಆಸೆ ಹುಟ್ಟಿತು. ಅಮೆರಿಕದ ‘ವಯೊಲೆಟ್’ ಪ್ರಯೋಗ ಕೊರತೆ ಇದ್ದ 1,078 ರೋಗಿಗಳಲ್ಲೇ ಅದೇ ಡೋಸ್ ಪರೀಕ್ಷಿಸಿತು, 90 ದಿನದಲ್ಲಿ ಸಾವು ಪಡೆದವರಲ್ಲಿ ಶೇ. 23.5, ಪಡೆಯದವರಲ್ಲಿ ಶೇ. 20.6. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ 240 ಕೋವಿಡ್ ರೋಗಿಗಳ ಪ್ರಯೋಗದಲ್ಲೂ 2 ಲಕ್ಷ ಯೂನಿಟ್ ಪಡೆದ ಗುಂಪಿನವರು ಬೇಗ ಮನೆಗೆ ಹೋಗಲಿಲ್ಲ. ತೀವ್ರ ಕೊರತೆಯವರನ್ನೇ ಆರಿಸಿ ಪರೀಕ್ಷಿಸಬೇಕೆಂದು ಯುರೋಪಿನಲ್ಲಿ ‘ವಿಟ್‌ಡಲೈಜ್’ ಎಂಬ ದೊಡ್ಡ ಪ್ರಯೋಗ ಹೂಡಿದರು. ಅದೇ ಸರಿಯಾದ ಪ್ರಶ್ನೆ ಎಂದು ನನಗನ್ನಿಸುತ್ತದೆ.

ಆದರೆ ರಕ್ತದಲ್ಲಿ ಕಡಿಮೆ ಇದ್ದರೆ ತುಂಬಿಸಿದರೆ ಸಾಕಲ್ಲವೇ? ದಡಾರದಲ್ಲಿ ಫಲಿಸಿದ್ದು ಇಲ್ಲೇಕೆ ಫಲಿಸಲಿಲ್ಲ? ಪೈರು ಬಾಡಲು ಎರಡು ಕಾರಣ ಇರಬಹುದು. ಗದ್ದೆಯಲ್ಲಿ ನೀರಿಲ್ಲದೆ ಬಾಡಿದ್ದರೆ ನೀರು ಬಿಟ್ಟ ಮರುದಿನ ತಲೆ ಎತ್ತುತ್ತದೆ. ಬೇರಿಗೆ ಹುಳ ಬಿದ್ದು ಬಾಡಿದ್ದರೆ ಎಷ್ಟು ನೀರು ಬಿಟ್ಟರೂ ಏಳುವುದಿಲ್ಲ, ಅತಿಯಾದರೆ ಕೊಳೆಯುತ್ತದೆ. ನೋಡುವವರಿಗೆ ಎರಡೂ ಬಾಡಿದ ಪೈರೇ. ದಡಾರದ ಮಗುವಿನಲ್ಲಿ ದಾಸ್ತಾನೇ ಖಾಲಿ, ಆ ಖಾಲಿಯೇ ಸಾವಿಗೆ ದಾರಿ. ಕೋವಿಡ್‌ನ ಐಸಿಯು ರೋಗಿಯಲ್ಲಿ ವಿಟಮಿನ್ ಮಟ್ಟ ಇಳಿಯುವುದು ಬಹುಪಾಲು ಕಾಯಿಲೆಯ ಪರಿಣಾಮ. ಉರಿಯೂತ ಜೋರಾದಾಗ ರಕ್ತದಲ್ಲಿ ವಿಟಮಿನ್ ಡಿ ಹೊತ್ತು ಸಾಗಿಸುವ ಪ್ರೋಟೀನು ಕಡಿಮೆಯಾಗುತ್ತದೆ, ಅದರ ಜೊತೆಗೆ ವರದಿಯ ಸಂಖ್ಯೆಯೂ ಇಳಿಯುತ್ತದೆ. ಹೆಚ್ಚು ಕಾಯಿಲೆಯವರಲ್ಲಿ ಮಟ್ಟ ಹೆಚ್ಚು ಇಳಿದಿರುತ್ತದೆ, ಅವರೇ ಹೆಚ್ಚು ಸಾಯುತ್ತಾರೆ. ಕೋವಿಡ್ ಕಾಲದಲ್ಲಿ “ಡಿ ಕಡಿಮೆ ಇದ್ದವರೇ ಹೆಚ್ಚು ಸತ್ತರು” ಎಂದು ಬಂದ ಸುದ್ದಿಗಳು ಸುಳ್ಳಲ್ಲ. ಆದರೆ ಅವು ಮಟ್ಟ ಏರಿಸಿದರೆ ಬದುಕುತ್ತಾರೆ ಎಂದು ಹೇಳುತ್ತಿರಲಿಲ್ಲ.

“ಉಪಯೋಗ ಆಗದಿದ್ದರೆ ಬೇಡ, ಕೆಡುಕೇನು?” ಎಂಬ ಮಾತಿಗೂ ಉತ್ತರ ಬೇಕು. ಹೆಚ್ಚಿನ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಕೆಂಪು ರಕ್ತಕಣ ಒಡೆಯಬಹುದು. ನರ್ಸಿಂಗ್ ವಿದ್ಯಾರ್ಥಿಗಳು ಇದೊಂದನ್ನು ಮರೆಯಬೇಡಿ: ಡ್ರಿಪ್ಪಿನಲ್ಲಿ ದೊಡ್ಡ ಪ್ರಮಾಣದ ವಿಟಮಿನ್ ಸಿ ಹೋಗುತ್ತಿರುವ ರೋಗಿಯ ಬೆರಳು ಚುಚ್ಚಿ ನೋಡಿದರೆ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ತೊಂದರೆ. ದಡಾರದಲ್ಲಿ ಜೀವ ಉಳಿಸುವ ವಿಟಮಿನ್ ಎ ಕೂಡ ಅತಿಯಾದರೆ ಯಕೃತ್ತನ್ನು ಕೆಡಿಸುತ್ತದೆ, ತಲೆಯೊಳಗಿನ ಒತ್ತಡ ಏರಿಸುತ್ತದೆ, ಬಸುರಿಯ ಹೊಟ್ಟೆಯ ಮಗುವಿಗೆ ಅಂಗವೈಕಲ್ಯ ತರಬಹುದು. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದಡಾರ ಹರಡಿದಾಗ, ಲಸಿಕೆಯ ಬದಲು ವಿಟಮಿನ್ ಎ ಸಾಕೆಂದು ನಂಬಿದವರೂ ಇದ್ದರು. ಆಸ್ಪತ್ರೆಗೆ ಬಂದ ಕೆಲವು ಮಕ್ಕಳಲ್ಲಿ ವಿಟಮಿನ್ ಎ ಅತಿಯಾಗಿ ಯಕೃತ್ತು ಏರುಪೇರಾದದ್ದು ಕಂಡಿತು. ಎರಡು ದಿನದ ಡೋಸ್ ಕೊಟ್ಟು ನಿಲ್ಲಬೇಕು ಎಂದು ಮೊದಲು ಹೇಳಿದ್ದು ಇದಕ್ಕೇ. ಆ ಡೋಸ್ ಮಗುವಿಗೆ ದಡಾರ ಬಾರದಂತೆ ತಡೆಯುವುದಿಲ್ಲ. ತಡೆಯುವುದು ಲಸಿಕೆ ಮಾತ್ರ.

ಇಷ್ಟು ಓದಿ ಐಸಿಯು ರೋಗಿಗೆ ವಿಟಮಿನ್ನೇ ಬೇಡ ಎಂದುಕೊಳ್ಳಬೇಡಿ. ದಿನದ ಸಾಮಾನ್ಯ ಪ್ರಮಾಣ ಎಲ್ಲರಿಗೂ ಬೇಕು. ಮೂಗಿನ ನಳಿಕೆಯಲ್ಲಿ ಕೊಡುವ ಸಿದ್ಧ ಆಹಾರದಲ್ಲಿ ಅದು ಸೇರಿರುತ್ತದೆ. ಕರುಳು ಕೆಲಸ ಮಾಡದೆ ರಕ್ತನಾಳದ ಮೂಲಕವೇ ಪೋಷಣೆ ಪಡೆಯುವವರಿಗೆ ಅದನ್ನು ಬೇರೆಯಾಗಿ ಸೇರಿಸಬೇಕು. ದಿನಗಟ್ಟಲೆ ಊಟ ಬಿಟ್ಟು ಬಂದವರು, ಮದ್ಯದ ಚಟ ಇದ್ದವರು, ಒಂದೇ ಸಮನೆ ವಾಂತಿ ಮಾಡಿಕೊಂಡ ಬಸುರಿಯರು ಇಂಥವರಿಗೆ ಗ್ಲುಕೋಸ್ ಏರಿಸುವಾಗ ಥಯಾಮಿನ್, ಅಂದರೆ ವಿಟಮಿನ್ ಬಿ1, ಮರೆತರೆ ಮಿದುಳಿಗೆ ಕಾಯಂ ಹಾನಿಯಾಗಬಹುದು. ಅಲ್ಲಿ ಕೊಡದಿರುವುದೇ ತಪ್ಪು. ಹಾಗಾಗಿ ನಿಮ್ಮವರು ಒಳಗಿದ್ದಾಗ ವೈದ್ಯರನ್ನು “ವಿಟಮಿನ್ ಹಾಕ್ತೀರಾ?” ಎಂದು ಕೇಳುವುದಕ್ಕಿಂತ, ಕಾಯಿಲೆಗೆ ಮುಂಚೆ ಅವರು ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ, ಎಷ್ಟು ಸೊರಗಿದ್ದರು, ಕುಡಿತ ಇತ್ತೇ, ಮನೆಯಲ್ಲಿ ಯಾವ ಯಾವ ಮಾತ್ರೆ ನುಂಗುತ್ತಿದ್ದರು ಎಂಬುದನ್ನು ಮುಚ್ಚಿಡದೆ ಹೇಳಿ. ಯಾವ ವಿಟಮಿನ್ ಬೇಕು, ಎಷ್ಟು ಬೇಕು ಎಂದು ತೀರ್ಮಾನಿಸಲು ಅವರಿಗೆ ಬೇಕಾಗುವುದು ಆ ಮಾಹಿತಿ.